ಸಹಾಯ ಬೇಕು: ಬೈಬಲ್ ಓದೋಕೆ ಕೂತ್ರೆ ಕೈ ಮೊಬೈಲ್ ಕಡೆನೇ ಹೋಗತ್ತೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಒಂದು ವರ್ಷದಲ್ಲಿ ಪೂರ್ತಿ ಸತ್ಯವೇದ (ಬೈಬಲ್) ಓದ್ಬೇಕು ಅಂತ ಜನವರಿಲಿ ಶುರು ಮಾಡಿದ್ದೆ, 66 ಪುಸ್ತಕ 1189 ಅಧ್ಯಾಯ, ದಿನಕ್ಕೆ 3-4 ಅಧ್ಯಾಯ ಓದಿದ್ರೆ ಮುಗಿಯತ್ತೆ ಅಂತ ಲೆಕ್ಕ ಹಾಕ್ದೆ, ಮೊದಲ ಎರಡು ಪುಸ್ತಕ ಆದಿಕಾಂಡ, ವಿಮೋಚನಕಾಂಡ ಚೆನ್ನಾಗೇ ಹೋಯ್ತು, ಮೂರನೇದು ಯಾಜಕಕಾಂಡದ ಬಲಿಗಳ ನಿಯಮ ಬಂದಾಗ ನಿಧಾನ ಆಯ್ತು, ಆಮೇಲೆ ನಿಂತೇ ಹೋಯ್ತು.

ಕಾರಣ ಬರೀ ಯಾಜಕಕಾಂಡ ಅಲ್ಲ. ನಾನು ಓದೋದು ಮೊಬೈಲ್ ಆ್ಯಪಲ್ಲಿ. ಎರಡು ವಚನ ಓದೋಷ್ಟ್ರಲ್ಲಿ ಮೇಲಿಂದ ವಾಟ್ಸಾಪ್ ಮೆಸೇಜ್ ಇಳಿಯತ್ತೆ, ಅದನ್ನ ನೋಡಿ ಬರೋಣ ಅಂತ ಹೋದ್ರೆ ಅಲ್ಲಿಂದ ರೀಲ್ಸು, ಅರ್ಧ ಗಂಟೆ ಆದ್ಮೇಲೆ ಎಲ್ಲಿ ಬಿಟ್ಟಿದ್ದೆ ಅನ್ನೋದೂ ನೆನಪಿರಲ್ಲ. ಆಗ ಮನಸ್ಸಿಗೆ ತುಂಬಾ ನೋವಾಗತ್ತೆ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗ್ಲೇ ಎದ್ದು ಅಡವಿ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡಿದ್ರು ಅಂತ ಮಾರ್ಕನ ಸುವಾರ್ತೆ 1:35ರಲ್ಲಿದೆ, ನನಗೆ ಎದ್ದ ತಕ್ಷಣ ಫೋನಿಂದ ದೂರ ಹೋಗೋಕೇ ಆಗ್ತಿಲ್ಲ.

ಈಗ ವರ್ಷದ ಪ್ಲಾನ್ ಬಿಟ್ಟು, ಬೈಬಲ್‌ನ ಜ್ಞಾನೋಕ್ತಿಗಳು ಪುಸ್ತಕದಲ್ಲಿ 31 ಅಧ್ಯಾಯ ಇದೆಯಲ್ಲ, ತಾರೀಖಿಗೆ ಒಂದರಂತೆ ಅಷ್ಟನ್ನೇ ಓದೋಣ ಅಂತಿದೀನಿ, ಅಥವಾ ಮಾರ್ಕನ 16 ಅಧ್ಯಾಯದಿಂದ ಶುರು ಮಾಡ್ಲಾ? ಕಮ್ಮಿ ಆದ್ರೂ ಪರವಾಗಿಲ್ಲ, ತಪ್ಪಬಾರ್ದು ಅನ್ನೋದೇ ನನ್ನಾಸೆ. ಪ್ರಿಂಟ್ ಬೈಬಲ್‌ಗೆ ವಾಪಸ್ ಹೋದವ್ರು ಇದೀರಾ, ವ್ಯತ್ಯಾಸ ಆಯ್ತಾ? ಆಡಿಯೋ ಕೇಳ್ತಾ ಜೊತೆಗೆ ಓದಿದ್ರೆ ಗಮನ ನಿಲ್ಲತ್ತಾ? ಒಂದಿನ ತಪ್ಪಿದ್ರೆ ಬಾಕಿನೂ ಸೇರಿಸಿ ಓದ್ತೀರಾ ಇಲ್ಲಾ ಆ ದಿನದ್ದು ಮಾತ್ರನಾ? ಬ್ರದರ್, ಸಿಸ್ಟರ್, ನೀವು ನಿಜವಾಗ್ಲೂ ಮಾಡಿ ನೋಡಿದ್ದನ್ನ ದಯವಿಟ್ಟು ಬರೀರಿ, ದಿನಾ ಓದಿದೀನಾ ಅಂತ ಕೇಳೋಕೆ ಯಾರಾದ್ರೂ ಜೊತೆ ಸೇರಿದ್ರೆ ಇನ್ನೂ ಸಂತೋಷ.