ಅಗಲ ಪರದೆಯ ಮಾನಿಟರ್ ಕೊಳ್ಳುವವರಿಗೆ: ಚಂಗಪ್ಪ ಅವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ತೋಟದ ಲೆಕ್ಕ ನೋಡುವವರು, ಹೋಂಸ್ಟೇ ನಡೆಸುವವರು ದುಬಾರಿ ಅಲ್ಟ್ರಾವೈಡ್ ಮಾನಿಟರ್‌ಗಳ ಬಗ್ಗೆ ಮತ್ತೆ ಮತ್ತೆ ಕೇಳುತ್ತಿದ್ದೀರಿ. ಕುಶಾಲನಗರದಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ಚಂಗಪ್ಪ ಅವರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಅವರು ಮಾನಿಟರ್ ಮಾರುವುದಿಲ್ಲ, ಯಾವ ಕಂಪನಿಯ ಪರವೂ ಇಲ್ಲ. ದಯವಿಟ್ಟು ಒಬ್ಬರು ಒಂದೇ ಪ್ರಶ್ನೆ ಕೇಳಿ.

ಬೋಪಣ್ಣ, ಪೊನ್ನಂಪೇಟೆ: ಚಂಗಪ್ಪಣ್ಣ, ನಮಸ್ಕಾರ. ಹಗಲು ತೋಟದ ಲೆಕ್ಕ, ಕೂಲಿ ಪಟ್ಟಿ, ಎಲ್ಲವೂ ಎಕ್ಸೆಲ್‌ನಲ್ಲಿ. ರಾತ್ರಿ ಮನೆಯವರೆಲ್ಲ ಸಿನಿಮಾ ನೋಡುತ್ತೇವೆ. 34 ಇಂಚಿನ ಅಲ್ಟ್ರಾವೈಡ್ ಒಳ್ಳೆಯದೋ, 32 ಇಂಚಿನ 4ಕೆ ಒಳ್ಳೆಯದೋ?

ಚಂಗಪ್ಪ: ಬೋಪಣ್ಣನವರೇ, ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ ಅಳೆದದ್ದು, ಅದನ್ನು ನಂಬಿ ಮೋಸ ಹೋಗಬೇಡಿ. 34 ಇಂಚಿನ ಅಲ್ಟ್ರಾವೈಡ್ ಸುಮಾರು 80 ಸೆಂಟಿಮೀಟರ್ ಅಗಲ, ಆದರೆ ಎತ್ತರ 33 ಸೆಂಟಿಮೀಟರ್ ಮಾತ್ರ, ಅಂದರೆ ಸಾಮಾನ್ಯ 27 ಇಂಚಿನ ಮಾನಿಟರ್‌ನಷ್ಟೇ. 32 ಇಂಚಿನದು 71 ಸೆಂಟಿಮೀಟರ್ ಅಗಲ, 40 ಎತ್ತರ. ಕೂಲಿ ಪಟ್ಟಿ ಒಂದು ಕಡೆ, ಬ್ಯಾಂಕಿನ ಲೆಕ್ಕ ಇನ್ನೊಂದು ಕಡೆ ತೆರೆದಿಟ್ಟು ತಾಳೆ ನೋಡುವವರಿಗೆ ಅಲ್ಟ್ರಾವೈಡ್ ಸುಖ. ಒಂದೇ ಉದ್ದನೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುವವರಿಗೆ 32 ಇಂಚಿನ 4ಕೆ, ಅಂದರೆ 3840×2160 ಪಿಕ್ಸೆಲ್‌ನದು, ಸರಿ. ಅದರಲ್ಲಿ ಇಂಚಿಗೆ ಸುಮಾರು 138 ಪಿಕ್ಸೆಲ್, 3440×1440ರ ಅಲ್ಟ್ರಾವೈಡ್‌ನಲ್ಲಿ ಸುಮಾರು 110. ಅಕ್ಷರದ ಅಂಚಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಿನಿಮಾ ಪರದೆಯ ಅಗಲಕ್ಕೆ ತೆಗೆದ ಚಿತ್ರಗಳು ಅಲ್ಟ್ರಾವೈಡ್ ತುಂಬ ಬರುತ್ತವೆ; ಟಿವಿ ಕಾರ್ಯಕ್ರಮ, ಯೂಟ್ಯೂಬ್ ಹಾಕಿದರೆ ಎಡ ಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ.

ಒಂದು ಎಚ್ಚರಿಕೆ. 34 ಇಂಚು ಎಂದೇ ಬರೆದು 2560×1080ರ ಪರದೆಯನ್ನೂ ಮಾರುತ್ತಾರೆ. ಅದರಲ್ಲಿ ಇಂಚಿಗೆ 82 ಪಿಕ್ಸೆಲ್ ಮಾತ್ರ. ದಿನವಿಡೀ ಅಂಕಿ ಓದುವವರು ಅದನ್ನು ಮುಟ್ಟಬೇಡಿ.

ಅಶ್ವಿನಿ, ಮಡಿಕೇರಿ: ಸರ್, ನಾನು ಮನೆಗಳ ನಕ್ಷೆ ಬರೆಯುತ್ತೇನೆ. ಬಾಗಿದ ಪರದೆ ಬೇಕೇ?

ಚಂಗಪ್ಪ: ಬೇಡ. ಗೆರೆ ನೇರವಾಗಿದೆಯೇ ಎಂದು ಕಣ್ಣಿನಲ್ಲೇ ಅಳೆಯುವ ಕೆಲಸಕ್ಕೆ ಸಪಾಟು ಪರದೆಯೇ ಆಗಬೇಕು.

ರಶೀದ್, ವಿರಾಜಪೇಟೆ: ಚಂಗಪ್ಪಣ್ಣ, ನಾನು ನಾಗರಹೊಳೆ ಕಡೆ ವನ್ಯಜೀವಿ ಫೋಟೊ ತೆಗೆಯುತ್ತೇನೆ, ಜೊತೆಗೆ ಹಗಲು ಕಚೇರಿ ಕೆಲಸವೂ ಇದೆ. ಓಎಲ್ಇಡಿ ಅಲ್ಟ್ರಾವೈಡ್ ಮೇಲೆ ಮನಸ್ಸಾಗಿದೆ. ಎಲ್ಲರೂ ಅದನ್ನೇ ಹೊಗಳುತ್ತಾರೆ.

ಚಂಗಪ್ಪ: ಹೊಗಳಿಕೆ ಸುಳ್ಳಲ್ಲ. ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಆರಿದರೆ ಪೂರ್ತಿ ಕಪ್ಪು. ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿಯಲ್ಲಿ ಐಪಿಎಸ್, ವಿಎ ಎಂಬ ಬಗೆಗಳಿವೆ. ಐಪಿಎಸ್ ಪರದೆಯಲ್ಲಿ ಬೆಳಕಿಗೂ ಕತ್ತಲೆಗೂ ಇರುವ ಅನುಪಾತ ಸಾಮಾನ್ಯವಾಗಿ 1000ಕ್ಕೆ 1, ವಿಎ ಪರದೆಯಲ್ಲಿ 3000ಕ್ಕೆ 1ರ ಆಸುಪಾಸು. ರಾತ್ರಿ ತೆಗೆದ ಚಿತ್ರವನ್ನು ಓಎಲ್ಇಡಿಯಲ್ಲಿ ನೋಡಿದ ಮೇಲೆ ಬೇರೆಯದು ಹಿಡಿಸುವುದಿಲ್ಲ.

ಆದರೆ ನಮ್ಮ ಊರಿನ ಕರೆಂಟಿನ ಸ್ಥಿತಿ ನೋಡಿ ಮಾತನಾಡೋಣ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಅದರ ಗುರುತು ಪರದೆಯಲ್ಲಿ ಉಳಿದುಬಿಡಬಹುದು. ಎಕ್ಸೆಲ್‌ನ ಮೇಲಿನ ಪಟ್ಟಿ, ವಿಂಡೋಸ್‌ನ ಕೆಳಗಿನ ಪಟ್ಟಿ ದಿನವಿಡೀ ಅಲ್ಲೇ ಇರುತ್ತವೆ. ಇದನ್ನು ತಡೆಯಲು ಕೆಲವು ಗಂಟೆ ಬಳಸಿದ ಮೇಲೆ ಪರದೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಈ ಕೆಲಸ ನಡೆಯುವುದು ನೀವು ಮಾನಿಟರ್ ಆಫ್ ಮಾಡಿದ ನಂತರ, ಸ್ಟ್ಯಾಂಡ್‌ಬೈನಲ್ಲಿ ಕರೆಂಟ್ ಬರುತ್ತಿರುವಾಗ. ನಾವು ಕೆಲಸ ಮುಗಿದ ತಕ್ಷಣ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಯುಪಿಎಸ್ ಇಲ್ಲದೆ ಈ ಊರಿನಲ್ಲಿ ಓಎಲ್ಇಡಿ ತರಬೇಡಿ. ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುವ ದೋಷವೂ ಕೆಲವು ಓಎಲ್ಇಡಿಗಳಲ್ಲಿದೆ. ಅಂಗಡಿಯಲ್ಲಿ ಚಿತ್ರ ನೋಡಿ ಬರಬೇಡಿ, ಬಿಳಿ ಪುಟದ ಮೇಲೆ ಸಣ್ಣ ಕನ್ನಡ ಅಕ್ಷರ ತೆರೆದು ನೋಡಿ. ಒತ್ತಕ್ಷರಗಳು ಕಲಸಿಕೊಂಡರೆ ಬಿಟ್ಟುಬಿಡಿ. ನಿಮಗೆ ಹಗಲಿನ ಕೆಲಸವೇ ಹೆಚ್ಚು ಎಂದಾದರೆ ಒಳ್ಳೆಯ ಐಪಿಎಸ್ ತೆಗೆದುಕೊಂಡು, ಉಳಿದ ಹಣದಲ್ಲಿ ಬಣ್ಣ ಹೊಂದಿಸುವ ಕ್ಯಾಲಿಬ್ರೇಟರ್ ಕೊಳ್ಳಿ.

ಪೂವಯ್ಯ, ಗೋಣಿಕೊಪ್ಪ: ಸರ್, 34 ಅಲ್ಟ್ರಾವೈಡ್ ಒಳ್ಳೆಯದೋ 32 4ಕೆ ಒಳ್ಳೆಯದೋ?

ಚಂಗಪ್ಪ: ಮೇಲೆ ಬೋಪಣ್ಣನವರಿಗೆ ಬರೆದಿದ್ದೇನೆ.

ತಿಮ್ಮಯ್ಯ, ಸೋಮವಾರಪೇಟೆ: ಬೇರೆ ಗುಂಪಿನಿಂದ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ: ಮಳೆಗಾಲದಲ್ಲಿ ಮಾನಿಟರ್ ಹಿಂದೆ ಅಕ್ಕಿ ಮತ್ತು ಕರ್ಪೂರದ ಗಂಟು ಕಟ್ಟಿ. ಪರದೆಯನ್ನು ಕಿಟಕಿ ಗಾಜಿನ ದ್ರವದಿಂದ ಒರೆಸಿ. ಗೀರು ಬಿದ್ದರೆ ಟೂತ್‌ಪೇಸ್ಟ್ ಹಚ್ಚಿ. ಪಕ್ಕದಲ್ಲಿ ಕಳ್ಳಿ ಗಿಡ ಇಟ್ಟರೆ ವಿಕಿರಣ ಹೀರಿಕೊಳ್ಳುತ್ತದೆ.

ಚಂಗಪ್ಪ: ತಿಮ್ಮಯ್ಯನವರೇ, ದಯವಿಟ್ಟು ಇದನ್ನು ಅಳಿಸಿ. ಗಾಜಿನ ದ್ರವಗಳಲ್ಲಿ ಅಮೋನಿಯಾ ಅಥವಾ ಆಲ್ಕೋಹಾಲ್ ಇರುತ್ತದೆ; ಮಾನಿಟರ್ ಮೇಲಿರುವ ಪ್ರತಿಫಲನ ತಡೆಯುವ ಲೇಪವನ್ನು ಅದು ತಿಂದುಹಾಕುತ್ತದೆ. ಟೂತ್‌ಪೇಸ್ಟ್ ಉಜ್ಜುವ ಪುಡಿ, ಇದ್ದ ಗೀರಿನ ಸುತ್ತ ನೂರು ಗೀರು ಎಬ್ಬಿಸುತ್ತದೆ. ಹೀಗೆ ಉಜ್ಜಿ, ನಡುವೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆಯಾದ ಪರದೆಗಳು ನನ್ನ ಮೇಜಿಗೆ ಬರುತ್ತವೆ. ಅವನ್ನು ಯಾರೂ ಸರಿಮಾಡಲಾರರು. ಅಕ್ಕಿಯ ಧೂಳು ಗಾಳಿಕಿಂಡಿಗೆ ಹೋಗುತ್ತದೆ, ಹಿಂದೆಯೇ ಇರುವೆ ಹೋಗುತ್ತದೆ. ಕಳ್ಳಿ ಗಿಡ ಯಾವ ವಿಕಿರಣವನ್ನೂ ಹೀರುವುದಿಲ್ಲ.

ತೇವಕ್ಕೆ ಮಾಡಬೇಕಾದದ್ದು ಸರಳ. ಮಳೆಯ ಹೊಡೆತ ಬೀಳುವ ಹೊರಗೋಡೆಗೆ ತಾಗಿಸಿ ಇಡಬೇಡಿ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ತೇವ ಒಳಗೇ ಕುಳಿತು ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಒಂದಿಷ್ಟು ಹೊತ್ತಾದರೂ ಉರಿಸಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಒರೆಸಲು ಮೈಕ್ರೋಫೈಬರ್ ಬಟ್ಟೆ, ಬೇಕಿದ್ದರೆ ಒಂದೆರಡು ಹನಿ ಡಿಸ್ಟಿಲ್ಡ್ ವಾಟರ್, ಅದೂ ಬಟ್ಟೆಗೆ, ಪರದೆಗಲ್ಲ.

ಪೊನ್ನಪ್ಪ, ಸಿದ್ದಾಪುರ: 32 ಇಂಚಿಗಿಂತ ದೊಡ್ಡದಕ್ಕೆ ಶೇ 28 ಜಿಎಸ್‌ಟಿ. ಸುಮ್ಮನೆ ಸರ್ಕಾರಕ್ಕೆ ಹಣ ಯಾಕೆ? ಎಲ್ಲರೂ 32 ತೆಗೆದುಕೊಳ್ಳಿ.

ಹರೀಶ, ಸುಂಟಿಕೊಪ್ಪ: ಅದು ಹಳೆಯ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ ಶೇ 18.

ಪೊನ್ನಪ್ಪ, ಸಿದ್ದಾಪುರ: ಅಂಗಡಿಯವರು ನನಗೆ ಹೇಳಿದ್ದು ಶೇ 28.

ಹರೀಶ, ಸುಂಟಿಕೊಪ್ಪ: ಹೇಳಿದ್ದನ್ನು ಬಿಡಿ, ಬಿಲ್ಲಿನಲ್ಲಿ ಏನಿದೆ ನೋಡಿ. ಅದಕ್ಕೇ ನಾನು ಆನ್‌ಲೈನ್‌ನಲ್ಲೇ ತರಿಸುವುದು.

ಪೊನ್ನಪ್ಪ, ಸಿದ್ದಾಪುರ: ನಿಮ್ಮಂಥವರಿಂದಲೇ ಊರಿನ ಅಂಗಡಿಗಳು ಮುಚ್ಚುತ್ತಿರುವುದು. ಕೆಟ್ಟಾಗ ಮಾತ್ರ ಊರಿನವರು ನೆನಪಾಗುತ್ತಾರೆ.

ಹರೀಶ, ಸುಂಟಿಕೊಪ್ಪ: ಊರಿನವರು ಮಾದರಿ ಸಂಖ್ಯೆಯನ್ನೂ ಸರಿಯಾಗಿ ಹೇಳದಿದ್ದರೆ ಯಾಕೆ ಕೊಳ್ಳಬೇಕು?

ಚಂಗಪ್ಪ: ಹರೀಶ ಹೇಳಿದ ತೆರಿಗೆ ಸರಿ. ಎಲ್ಲಿಂದ ಕೊಂಡರೂ ಹಣ ಕೊಡುವ ಮುಂಚೆ ಒಂದು ಕೇಳಿ: ವಾರಂಟಿಯಲ್ಲಿ ನಿಮ್ಮ ಪಿನ್‌ಕೋಡಿಗೆ ಎಂಜಿನಿಯರ್ ಬರುತ್ತಾರೆಯೇ, ಇಲ್ಲ ನೀವೇ ಮೈಸೂರಿಗೆ ಹೊರಬೇಕೇ? ಮಡಿಕೇರಿಯಿಂದ ಅದು ಸುಮಾರು 120 ಕಿಲೋಮೀಟರ್. ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ. ಸಾಗಿಸುವಾಗ ನಿಲ್ಲಿಸಿಯೇ ಸಾಗಿಸಿ, ಮಲಗಿಸಬೇಡಿ. ತೆರಿಗೆಯ ಜಗಳ ಇಲ್ಲಿಗೆ ಸಾಕು.

ದೇಚಮ್ಮ, ನಾಪೋಕ್ಲು: ಚಂಗಪ್ಪಣ್ಣ, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದ ಕೆಲಸ ಮಾಡುತ್ತೇನೆ. ದುಬಾರಿ 34 ಇಂಚಿನದನ್ನೇ ತಂದೆ. ಬರಿಗಾಲಿನಲ್ಲಿ ಅದರ ಲೋಹದ ಸ್ಟ್ಯಾಂಡ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಸಣ್ಣ ಕಿಡಿ ಹಾರಿತು, ಅಂದಿನಿಂದ ಆ ಪೋರ್ಟ್ ಸತ್ತಿದೆ. ಮಾರಿದವರು ಜುಮ್ಮೆನ್ನುವುದು ಸಾಮಾನ್ಯ ಎನ್ನುತ್ತಾರೆ. ಹಳೆಯ ಮನೆ, ಎಲ್ಲ ಕಡೆ ಮೂರು ಪಿನ್ನಿನ ಸಾಕೆಟ್ ಹಾಕಿಸಿದ್ದೇವೆ. ಇದನ್ನು ಕೊಟ್ಟು ಬೇರೆ ಬ್ರಾಂಡಿನದು ತೆಗೆದುಕೊಳ್ಳಲೇ?

ಚಂಗಪ್ಪ: ದೇಚಮ್ಮಕ್ಕ, ಮೊದಲು ಮಾನಿಟರ್ ಪ್ಲಗ್ ತೆಗೆಯಿರಿ. ಬ್ರಾಂಡ್ ಬದಲಿಸಬೇಡಿ, ಮುಂದಿನದಕ್ಕೂ ಇದೇ ಗತಿ.

ಜುಮ್ಮೆನ್ನುವುದಕ್ಕೆ ಕಾರಣ ಇದು. ಇಂಥ ಮಾನಿಟರ್ ಒಳಗಿನ ಪವರ್ ಸಪ್ಲೈನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತದೆ. ರೇಡಿಯೊ ಗೊಂದಲ ತಡೆಯಲು ಇಟ್ಟದ್ದು, ದೋಷವಲ್ಲ. ಅದರಿಂದ ಸೋರುವ ಅತ್ಯಲ್ಪ ಕರೆಂಟ್ ಅರ್ಥ್ ತಂತಿಯಲ್ಲಿ ಇಳಿದು ಹೋಗಬೇಕು. ಅರ್ಥ್ ಇಲ್ಲದಿದ್ದರೆ ಮಾನಿಟರ್‌ನ ಮೈ 230ರ ಅರ್ಧ, ಅಂದರೆ 115 ವೋಲ್ಟಿನ ಹತ್ತಿರ ತೇಲುತ್ತಿರುತ್ತದೆ. ನೀವು ಮುಟ್ಟಿದಾಗ ಅದು ನಿಮ್ಮ ಮೂಲಕ ಇಳಿಯುತ್ತದೆ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಮಾಡಿನ ಮೇಲಿನ ಡಿಶ್‌ಗೆ ಹೋಗುತ್ತದೆ, ಡಿಶ್‌ನ ಕಂಬಿ ಒದ್ದೆ ಗೋಡೆಯಲ್ಲಿದೆ. ನೀವು ಎಚ್‌ಡಿಎಂಐ ಚುಚ್ಚಿದ ಕ್ಷಣ ಆ ವ್ಯತ್ಯಾಸವೆಲ್ಲ ಪೋರ್ಟಿನ ಸಣ್ಣ ಚಿಪ್‌ನ ಮೂಲಕ ಹರಿದಿದೆ.

ಮೂರು ಪಿನ್ನಿನ ಸಾಕೆಟ್ ಇದ್ದಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಹಳೆಯ ಮನೆಗಳಲ್ಲಿ ಮೇಲಿನ ದಪ್ಪ ತೂತಿನ ಹಿಂದೆ ತಂತಿಯೇ ಇರುವುದಿಲ್ಲ, ಅಥವಾ ಹಸಿರು ತಂತಿ ಬೋರ್ಡಿನವರೆಗೆ ಬಂದು ಅಲ್ಲೇ ತೂಗುತ್ತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ, ಟೆಸ್ಟರ್ ಅಲ್ಲ, ಮೀಟರ್ ಹಿಡಿದು ಅಳೆಯಲು ಹೇಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು.

ನನಗೆ ನಿಮ್ಮ ಮಾನಿಟರ್‌ಗಿಂತ ಹೆಚ್ಚು ಚಿಂತೆ ಇರುವುದು ಗೀಸರ್‌ನದು. ಮಾನಿಟರ್ ಜುಮ್ಮೆನ್ನಿಸಿ ಬಿಡುತ್ತದೆ. ಅದೇ ಮನೆಯಲ್ಲಿ ಗೀಸರ್‌ನ ಕಾಯಿಲ್ ಒಡೆದರೆ ಅರ್ಥ್ ಇಲ್ಲದ ಕಾರಣ ಕರೆಂಟು ನೀರಿಗೇ ಬರುತ್ತದೆ. ಅಳೆಸುವವರೆಗೆ ಗೀಸರ್ ಹಾಕಬೇಡಿ. ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಹೇಳಿಬಿಡಿ.

ತಿಮ್ಮಯ್ಯ, ಸೋಮವಾರಪೇಟೆ: ಇದಕ್ಕೆ ಇಷ್ಟೆಲ್ಲ ಬೇಡ ತಂಗಿ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿಸಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ, ಜುಮ್ಮೆನ್ನುವುದು ನಿಂತಿದೆ. ವಿಡಿಯೊ ಇದೆ, ಕಳಿಸುತ್ತೇನೆ.

ಚಂಗಪ್ಪ: ಕಳಿಸಬೇಡಿ! ನಿರ್ವಾಹಕರೇ, ಆ ವಿಡಿಯೊ ಬಂದರೆ ತಕ್ಷಣ ತೆಗೆಯಿರಿ. ಹೊರಗಿನ ಲೈನಿನಲ್ಲಿ ನ್ಯೂಟ್ರಲ್ ತುಂಡಾದ ದಿನ, ಮರ ಬಿದ್ದಾಗ ನಮ್ಮಲ್ಲಿ ಇದು ಆಗುವಂಥದ್ದೇ, ಆ ತುಂಡು ತಂತಿಯ ಮೂಲಕ ನಿಮ್ಮ ಫ್ರಿಜ್, ವಾಷಿಂಗ್ ಮೆಷಿನ್, ಮಾನಿಟರ್ ಎಲ್ಲದರ ಲೋಹದ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಜುಮ್ಮೆನ್ನುವುದಿಲ್ಲ, ಹಿಡಿದುಕೊಳ್ಳುತ್ತದೆ. ತಿಮ್ಮಯ್ಯನವರೇ, ನಾಳೆ ಬೆಳಿಗ್ಗೆಯೇ ನಿಮ್ಮ ಮನೆಯದನ್ನೂ ತೆಗೆಸಿ.

ತಿಮ್ಮಯ್ಯ, ಸೋಮವಾರಪೇಟೆ: ಎಷ್ಟೋ ವರ್ಷಗಳಿಂದ ಇದೆ, ಏನೂ ಆಗಿಲ್ಲ. ಒಳ್ಳೆಯದಕ್ಕೆ ಹೇಳಿದರೆ ಬೈಸಿಕೊಳ್ಳಬೇಕು.

ಅಶ್ವಿನಿ, ಮಡಿಕೇರಿ: ಅಂಕಲ್, ನಿಮ್ಮ ನ್ಯೂಟ್ರಲ್ ಇನ್ನೂ ತುಂಡಾಗಿಲ್ಲ, ಅಷ್ಟೇ. ಟೂತ್‌ಪೇಸ್ಟ್ ಹೇಳಿದವರೂ ನೀವೇ. ಸ್ವಲ್ಪ ಕೇಳಿಸಿಕೊಳ್ಳಿ.

ತಿಮ್ಮಯ್ಯ, ಸೋಮವಾರಪೇಟೆ: ಹಿರಿಯರ ಹತ್ತಿರ ಹೀಗೆ ಮಾತನಾಡುವುದು ಯಾವ ಮನೆಯಲ್ಲಿ ಕಲಿತದ್ದು?

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮನೆತನದ ಮಾತು ಈ ಗುಂಪಿನಲ್ಲಿ ಬೇಡ.

ನಾಚಪ್ಪ, ಕುಟ್ಟ: ಸರ್, ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ-ಸಿ ಇದೆ. ಒಂದೇ ಕೇಬಲಿನಲ್ಲಿ ಚಿತ್ರ ಮತ್ತು ಚಾರ್ಜಿಂಗ್ ಎರಡೂ ಆಗುತ್ತದೆಯೇ? ಹಳೆಯ ಎಚ್‌ಡಿಎಂಐ ಪೋರ್ಟೂ ಇದೆ.

ಚಂಗಪ್ಪ: ಪೋರ್ಟ್ ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರದ ಸಂಕೇತ ಕಳಿಸುವಂಥದ್ದಾದರೆ ಮಾತ್ರ ಚಿತ್ರ ಬರುತ್ತದೆ, ಎಲ್ಲ ಯುಎಸ್‌ಬಿ-ಸಿಯೂ ಅಲ್ಲ. ಮಾನಿಟರ್ 65 ವ್ಯಾಟ್ ಕೊಡುತ್ತದೋ 90 ಕೊಡುತ್ತದೋ ನೋಡಿ, ಲ್ಯಾಪ್‌ಟಾಪ್ ಚಾರ್ಜರ್ ಮೇಲಿನ ಅಂಕಿಗೆ ಹೋಲಿಸಿ. ಮೊಬೈಲ್ ಚಾರ್ಜ್ ಮಾಡುವ ಹೆಚ್ಚಿನ ಕೇಬಲುಗಳಲ್ಲಿ ಚಿತ್ರ ಬರುವುದಿಲ್ಲ. ನಿಮ್ಮ ಹಳೆಯ ಪೋರ್ಟ್ ಎಚ್‌ಡಿಎಂಐ 1.4 ಆದರೆ 4ಕೆ ಪರದೆ ಸೆಕೆಂಡಿಗೆ 30 ಚಿತ್ರಕ್ಕೆ ಇಳಿಯುತ್ತದೆ, ಮೌಸ್ ಎಳೆದಾಡುತ್ತದೆ.

ಮಾದಪ್ಪ, ಬಿರುನಾಣಿ: ಬೆಂಗಳೂರಿನ ಕಂಪನಿಗಳು ಮಾರುವ ಹಳೆಯ 49 ಇಂಚಿನ ಮಾನಿಟರ್ ತೆಗೆದುಕೊಳ್ಳಬಹುದೇ?

ಪೂವಯ್ಯ, ಗೋಣಿಕೊಪ್ಪ: ಸರ್, ಓದಿದೆ. ಆದರೂ ಒಂದು ಮಾತಿನಲ್ಲಿ, 34ಓ 32ಓ?

ಚಂಗಪ್ಪ: ಪೂವಯ್ಯನವರೇ, ನಿಮ್ಮ ಕೆಲಸ ಏನೆಂದು ಇನ್ನೂ ಹೇಳಿಲ್ಲ. ಹೇಳದೆ ಉತ್ತರವಿಲ್ಲ.

ಬೋಪಣ್ಣ, ಪೊನ್ನಂಪೇಟೆ: ಸ್ಟೆಬಿಲೈಸರ್ ಬೇಕೇ? ಸಿಡಿಲಿಗೆ ಸ್ಪೈಕ್ ಗಾರ್ಡ್ ಸಾಕೇ?

ಚಂಗಪ್ಪ: ಸ್ಟೆಬಿಲೈಸರ್ ಬೇಡ, ಈಗಿನ ಮಾನಿಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ. ಅರ್ಥ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಬಹುಪಾಲು ವ್ಯರ್ಥ. ಹೆಚ್ಚಿನ ಹೊಡೆತವನ್ನು ಅದು ತಳ್ಳಬೇಕಾದದ್ದೇ ಅರ್ಥ್‌ಗೆ. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಸಂಜೆಗಳಲ್ಲಿ, ಆಮೇಲೆ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ. ಡಿಶ್‌ನ ಕೇಬಲ್, ಇಂಟರ್ನೆಟ್ ಕೇಬಲ್ ಕೂಡ ಕೀಳಿ. ಸಿಡಿಲು ಆ ದಾರಿಯಲ್ಲೂ ರೂಟರ್ ಹಿಡಿದು ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಮಾನಿಟರ್‌ಗೆ ಬರುತ್ತದೆ.

ಪೊನ್ನಪ್ಪ, ಸಿದ್ದಾಪುರ: ಬಿಲ್ ನೋಡಿದೆ. ಶೇ 18. ಆದರೂ ಆನ್‌ಲೈನ್‌ನವರ ಬಗ್ಗೆ ನಾನು ಹೇಳಿದ್ದು ಹೇಳಿದ್ದೇ.

ದೇಚಮ್ಮ, ನಾಪೋಕ್ಲು: ಚಂಗಪ್ಪಣ್ಣ, ಪಕ್ಕದ ಮನೆಯಲ್ಲೇ ಎಲೆಕ್ಟ್ರಿಷಿಯನ್ ಇದ್ದರು, ಈಗಲೇ ಬಂದು ಅಳೆದರು. ಅಳೆಯಲೆಂದು ಮಾನಿಟರ್ ಪ್ಲಗ್ ಮತ್ತೆ ಹಾಕಿದ್ದರು. ಫೇಸ್-ನ್ಯೂಟ್ರಲ್ 226, ಫೇಸ್-ಅರ್ಥ್ 118, ನ್ಯೂಟ್ರಲ್-ಅರ್ಥ್ 107. ಹಸಿರು ತಂತಿಗಳೆಲ್ಲ ಬೋರ್ಡಿನ ಹಿಂದೆ ಒಟ್ಟಿಗೆ ತಿರುಚಿ ಬಿಟ್ಟಿದ್ದಾರಂತೆ, ನೆಲಕ್ಕೆ ಇಳಿದೇ ಇಲ್ಲ. ಗೀಸರ್ ಆರಿಸಿದ್ದೇವೆ.

ಚಂಗಪ್ಪ: ಅಳೆಸಿದ್ದು ಒಳ್ಳೆಯದಾಯಿತು, ಅಕ್ಕ. ಅಂಗಳದಲ್ಲಿ ಬಂಡೆ ಇಲ್ಲದ, ತೇವ ನಿಲ್ಲುವ ಕಡೆ ಹೊಸ ಅರ್ಥ್ ಗುಂಡಿ ತೋಡಿಸಿ. ಅರ್ಥಿಂಗ್‌ಗೆ ಇರುವ ಭಾರತೀಯ ಮಾನದಂಡ ಐಎಸ್ 3043 ಪ್ರಕಾರ ಮಾಡಲು ಹೇಳಿ. ಆ ಅರ್ಥ್‌ನ ರೋಧ ಅಳೆಯುವುದನ್ನು ಈಗ ಒಮ್ಮೆ, ಮಾರ್ಚ್‌ನಲ್ಲಿ ನೆಲ ಒಣಗಿದಾಗ ಇನ್ನೊಮ್ಮೆ ಮಾಡಿಸಿ, 5 ಓಮ್ ಒಳಗೆ ಇರಲಿ. ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ನೀವೇ ಒತ್ತಿ ಬೀಳುತ್ತದೆಯೇ ನೋಡಿ. ಡಿಶ್‌ನ ಕಂಬಿಯನ್ನೂ ಅದೇ ಅರ್ಥ್‌ಗೆ ಸೇರಿಸಲು ಹೇಳಿ. ಇಷ್ಟಾಗುವವರೆಗೆ ಮಾನಿಟರ್ ಪ್ಲಗ್ ಹಾಕಬೇಡಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ. ಆಮೇಲೂ ಎಚ್‌ಡಿಎಂಐ ಚುಚ್ಚುವಾಗ ಎರಡೂ ಕಡೆ ಸ್ವಿಚ್ ಆರಿಸಿಯೇ ಚುಚ್ಚಿ. ಕೆಟ್ಟ ಪೋರ್ಟಿಗಾಗಿ ಮೊದಲು ವಾರಂಟಿಯಲ್ಲಿ ಕೇಳಿ. ಅವರು ಒಪ್ಪದಿದ್ದರೆ ಪೆಟ್ಟಿಗೆಯಲ್ಲಿ ನಿಲ್ಲಿಸಿಕೊಂಡು ನನ್ನಲ್ಲಿಗೆ ತನ್ನಿ.