7 ರೂಪಾಯಿ ಶೇರಿಗೆ ದೊಡ್ಡ ಆರ್ಡರ್ ಬರುತ್ತಂತೆ, ಅಡಿಕೆ ದುಡ್ಡು ಹಾಕ್ಬಹುದಾ? ಅನುಭವ ಇದ್ದೋರು ಹೇಳಿ

ಶಿವಮೊಗ್ಗದಿಂದ ಕೇಳ್ತಿದೀನಿ. ರಾಶಿ ಅಡಿಕೆ ಕೊಟ್ಟಿದ್ರಲ್ಲಿ ಸ್ವಲ್ಪ ದುಡ್ಡು ಉಳಿದಿದೆ. ಟೆಲಿಗ್ರಾಂ ಗ್ರೂಪಲ್ಲಿ ಒಂದು ಶೇರಿನ ಬಗ್ಗೆ ಭಾರಿ ಮಾತು, ಈಗ 7 ರೂಪಾಯಿ, ಸರ್ಕಾರಿ ಆರ್ಡರ್ ಸಿಕ್ಕಿದ್ರೆ 20 ಗ್ಯಾರಂಟಿ ಅಂತಾರೆ. ದಿನಾ ಅಪ್ಪರ್ ಸರ್ಕಿಟ್ (ಒಂದು ದಿನಕ್ಕೆ ಏರಬಹುದಾದ ಮಿತಿ) ಬೇರೆ. ಇಂಥ ಶೇರು ನಿಜವಾಗ್ಲೂ ಯಾವುದ್ರಿಂದ ಏರುತ್ತೆ?

ಸಾಗರ:
ಯಾವುದ್ರಿಂದ ಏರುತ್ತೆ ಅನ್ನೋದು ಆಮೇಲೆ, ಈಗ ಯಾರು ಮಾರ್ತಿದಾರೆ ಅಂತ ನೋಡಿ ಮಾರಾಯ್ರೆ. ಬಿಎಸ್‌ಇ ಸೈಟಲ್ಲಿ ಕಂಪನಿ ಹೆಸರು ಹೊಡೆದ್ರೆ ಶೇರ್‌ಹೋಲ್ಡಿಂಗ್ ಪ್ಯಾಟರ್ನ್ ಅಂತ, ಯಾರ ಹತ್ರ ಎಷ್ಟು ಶೇರಿದೆ ಅನ್ನೋ ಪಟ್ಟಿ ಬರುತ್ತೆ, ಕ್ವಾರ್ಟರ್ ಮುಗಿದು 21 ದಿನದೊಳಗೆ ಹಾಕ್ಲೇಬೇಕು. ಹಿಂದಿನ ನಾಲ್ಕು ಕ್ವಾರ್ಟರಿಂದು ಪಕ್ಕಪಕ್ಕ ಇಟ್ಕೊಳ್ಳಿ. ಪ್ರಮೋಟರ್ (ಕಂಪನಿ ಕಟ್ಟಿ ನಡೆಸೋ ಮಾಲೀಕರು) ಪಾಲು ಇಳೀತಾ ಇದ್ದು, 2 ಲಕ್ಷದೊಳಗಿನ ಸಣ್ಣ ಹೂಡಿಕೆದಾರರು ಅನ್ನೋ ಸಾಲಲ್ಲಿ ಜನರ ಸಂಖ್ಯೆ ಒಂದೇ ಸಮ ಏರ್ತಿದ್ರೆ, ಆ ಟೆಲಿಗ್ರಾಂ ಸುದ್ದಿ ಯಾರಿಗೋಸ್ಕರ ಅಂತ ಗೊತ್ತಾಗುತ್ತೆ. ಸಾಧನಾ ಬ್ರಾಡ್‌ಕಾಸ್ಟ್ ಅನ್ನೋ ಕಂಪನಿ ವಿಷ್ಯದಲ್ಲಿ 2023 ಮಾರ್ಚಲ್ಲಿ ಶೇರುಪೇಟೆ ನಿಯಂತ್ರಕ ಸೆಬಿ ಆರ್ಡರ್ ಮಾಡ್ತಲ್ಲ, ದೊಡ್ಡ ಗ್ರೂಪ್ ತಗೋತಿದೆ ಅಂತ ಯೂಟ್ಯೂಬಲ್ಲಿ ಸುಳ್ಳು ವಿಡಿಯೋ ಬಿಟ್ಟಿದ್ರು, ಸಣ್ಣ ಶೇರುದಾರರು 2,167 ಇದ್ದವರು 55,343 ಆದ್ರು, ಅಷ್ಟೊತ್ತಿಗೆ ಒಳಗಿನವರು ಮಾರಿ ಆಗಿತ್ತು ಅಂತ ಸೆಬಿ ಹೇಳಿದ್ದು.

ಭದ್ರಾವತಿ:
ಎಲ್ಲಾ ಮೋಸ ಅಂತಾನೂ ಹೇಳಕ್ಕಾಗಲ್ಲ. ಗಾಳಿವಿದ್ಯುತ್ ಯಂತ್ರ ಮಾಡೋ ಸುಜ್ಲಾನ್ ನೋಡಿ, 2020 ಮಾರ್ಚಲ್ಲಿ 2 ರೂಪಾಯಿಗಿಂತ ಕೆಳಗಿತ್ತು, 2024 ಸೆಪ್ಟೆಂಬರಲ್ಲಿ 80 ದಾಟ್ತು. ಆದ್ರೆ ಅದನ್ನ ಎತ್ತಿದ್ದು ಗಾಳಿಸುದ್ದಿ ಅಲ್ಲ. ಸಾಲ ರೀಸ್ಟ್ರಕ್ಚರ್ ಆಯ್ತು, 2022 ಅಕ್ಟೋಬರಲ್ಲಿ ಇದ್ದ ಶೇರುದಾರರಿಗೇ 5 ರೂಪಾಯಿಗೆ ಹೊಸ ಶೇರು (ರೈಟ್ಸ್) ಕೊಟ್ಟು 1,200 ಕೋಟಿ ಎತ್ತಿದ್ರು, ಮುಂದಿನ ವರ್ಷ ದೊಡ್ಡ ಸಂಸ್ಥೆಗಳಿಗೆ ಶೇರು ಮಾರಿ (ಕ್ಯುಐಪಿ) 2,000 ಕೋಟಿ ಬಂತು, ಎಲ್ಲಾ ಎಕ್ಸ್‌ಚೇಂಜಲ್ಲಿ ಬಹಿರಂಗವಾಗಿ ಬಂದಿದ್ದೇ. ಸುದ್ದಿ ಕನ್ಫರ್ಮ್ ಆದ್ಮೇಲೆ ತಗೊಂಡವ್ರಿಗೂ ದುಡ್ಡಾಯ್ತು. ನಮ್ಮೂರಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಗೆ ಬಂಡವಾಳ ಬರುತ್ತಂತೆ ಬರುತ್ತಂತೆ ಅಂತ ಕೇಳಿ ಕೇಳಿ ಸಾಕಾಗಿದೆ, ಅದಕ್ಕೆ ‘ಅಂತೆ’ ಮೇಲೆ ನಾನು ದುಡ್ಡು ಹಾಕಲ್ಲ.

ತೀರ್ಥಹಳ್ಳಿ:
7 ರೂಪಾಯಿ ಅಂದ್ರೆ ಅಗ್ಗ ಅಲ್ಲ ಮಾರ್ರೆ. ವೊಡಾಫೋನ್ ಐಡಿಯಾದಲ್ಲಿ ಸರ್ಕಾರ 2025ರಲ್ಲಿ 36,950 ಕೋಟಿ ಬಾಕಿನ 10 ರೂಪಾಯಿಯಂತೆ ಶೇರಾಗಿ ತಗೊಂಡಿತು, ಅದಾದ್ಮೇಲೆ ಒಟ್ಟು ಶೇರು 10,800 ಕೋಟಿ ಮೇಲೆ, ಅಂದ್ರೆ 1 ರೂಪಾಯಿ ಏರ್ಬೇಕಾದ್ರೆ ಕಂಪನಿ ಬೆಲೆ 10,800 ಕೋಟಿ ಏರ್ಬೇಕು. ನಿಮ್ಮ ಶೇರಿಗೂ ಈ ಗುಣಾಕಾರ ಮಾಡಿ. ಆರ್ಡರ್ 15 ಕೋಟಿದು, ಕಂಪನಿ ಬೆಲೆ ಆಗ್ಲೇ 600 ಕೋಟಿ ಅಂತಾದ್ರೆ ಎಂತ ಆಗುತ್ತೆ? ವಾರಂಟ್ (ಮುಂದೆ ನಿಗದಿ ಬೆಲೆಗೆ ಶೇರು ತಗೊಳ್ಳೋ ಹಕ್ಕು) ಕೊಟ್ಟಿದಾರಾ ಅಂತಾನೂ ನೋಡಿ, ಅದ್ರಲ್ಲಿ ಮೊದಲು 25 ಪರ್ಸೆಂಟ್ ಕಟ್ಟಿದ್ರೆ ಸಾಕು, ಉಳಿದಿದ್ದಕ್ಕೆ 18 ತಿಂಗಳು ಟೈಮು. ‘ಪ್ರಮೋಟರ್ ದುಡ್ಡು ಹಾಕ್ತಿದಾರೆ’ ಅಂತ ಗ್ರೂಪಲ್ಲಿ ಕುಣಿಯೋದು ಇದಕ್ಕೇ.

ಹೊಸನಗರ:
ಹೊರಗೆ ಬರೋ ದಾರಿ ಯಾರೂ ಹೇಳ್ಲಿಲ್ಲ. ನಮ್ಮ ಭಾವನ ಒಂದು ಶೇರು 20ರಿಂದ 12ಕ್ಕೆ ಬರೋವರೆಗೂ ದಿನಾ 5 ಪರ್ಸೆಂಟ್ ಲೋವರ್ ಸರ್ಕಿಟ್, ಬೆಳಿಗ್ಗೆ 9ಕ್ಕೇ ಫೋನ್ ಹಿಡ್ಕೊಂಡು ಸೆಲ್ ಹಾಕ್ತಿದ್ರು, ಆದ್ರೆ ಸಾಲಲ್ಲಿ ಮುಂದೆ ಲಕ್ಷಗಟ್ಟಲೆ ಶೇರು, ಬಿಡ್ ಕಡೆ, ಅಂದ್ರೆ ಕೊಳ್ಳೋರ ಕಡೆ, ಬರೀ ಸೊನ್ನೆ. ಅಡಿಕೆ ಮಂಡಿಯಲ್ಲಿ ರೇಟು ಬಿದ್ರೂ ಕೊಳ್ಳೋನು ಒಬ್ಬ ಇರ್ತಾನೆ, ಇಲ್ಲಿ ಅದೂ ಇಲ್ಲ. ದಿನಾ ಅಪ್ಪರ್ ಸರ್ಕಿಟ್ ಅಂದ್ರಲ್ಲ, ಅಲ್ಲೂ ನಿಮಗೆ ಶೇರು ಸಿಗೋದು ಮಾರೋರು ಬಂದ ದಿನವೇ. ಎನ್‌ಎಸ್‌ಇಯಲ್ಲಿ ಇದ್ರೆ ಹೆಸರಿನ ಮುಂದೆ ಇಕ್ಯೂ (ಮಾಮೂಲಿ ಶೇರು) ಇದ್ಯಾ ಬಿಇ ಇದ್ಯಾ ನೋಡಿ ಹೇಳಿ, ಬಿಇ ಆದ್ರೆ ಡೆಲಿವರಿ ಮಾತ್ರ, ಬೆಳಿಗ್ಗೆ ತಗೊಂಡು ಸಂಜೆ ಕೊಡಕ್ಕಾಗಲ್ಲ. ಎಎಸ್‌ಎಂ, ಜಿಎಸ್‌ಎಂ (ಎಕ್ಸ್‌ಚೇಂಜ್ ವಿಶೇಷ ನಿಗಾ ಇಟ್ಟಿರೋ ಶೇರುಗಳು) ಲಿಸ್ಟಲ್ಲಿ ಇದ್ರೆ ಅದನ್ನೂ ಇಲ್ಲಿ ಹಾಕಿ.