ಅತ್ತೆಗೆ ಕಂಪ್ಯೂಟರ್ ಪದಗಳನ್ನು ಹೇಗೆ ಹೇಳಿಕೊಡಲಿ? ನಿಮ್ಮ ಅನುಭವ ತಿಳಿಸಿ

ನಮ್ಮ ಅತ್ತೆಗೆ 58 ವರ್ಷ. ಫೋನಿನಲ್ಲಿ ವಾಟ್ಸಾಪ್, ಯೂಟ್ಯೂಬ್ ಬಳಸುತ್ತಾರೆ. ಈಗ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್ ಕಲಿಯುವ ಆಸೆ. ನಾನು ಉತ್ಸಾಹದಲ್ಲಿ ಬ್ರೌಸರ್, ಸರ್ವರ್, ಕ್ಲೌಡ್ ಅಂತ 40 ಪದಗಳ ಪಟ್ಟಿ ಬರೆದುಕೊಟ್ಟೆ. ಎರಡನೇ ದಿನಕ್ಕೇ "ಇದು ನನ್ನ ತಲೆಗೆ ಹತ್ತಲ್ಲ, ಬಿಡಮ್ಮ" ಅಂದರು. ಎಲ್ಲಿಂದ ಶುರು ಮಾಡಲಿ? ಕನ್ನಡ ಪದ ಹೇಳಲಾ, ಇಂಗ್ಲಿಷ್ ಪದವನ್ನೇ ಹೇಳಲಾ?

ಶಿವಮೊಗ್ಗದಿಂದ:
ಮೊದಲು ಆ ಪಟ್ಟಿ ಹರಿದು ಹಾಕಿ. ನಾನೂ ಅಪ್ಪನಿಗೆ ಹಾಗೇ ಪಾಠ ಮಾಡಲು ಹೋಗಿ ಬೈಸಿಕೊಂಡವನು. ಅವರಿಗೆ ಗೂಗಲ್, ಕ್ರೋಮ್, ಇಂಟರ್ನೆಟ್ ಮೂರೂ ಒಂದೇ ಆಗಿತ್ತು. ಒಂದು ದಿನ ವೈಫೈ ಗುರುತು ಪೂರ್ತಿ ಇದೆ, ಪೇಜ್ ಮಾತ್ರ ತೆರೆಯುತ್ತಿಲ್ಲ. "ವೈಫೈ ಇದೆಯಲ್ಲೋ, ಮತ್ಯಾಕೆ ಬರ್ತಿಲ್ಲ?" ಅಂದರು. "ಅಪ್ಪ, ನಲ್ಲಿ ನಮ್ಮನೆಯದು. ನೀರು ಬಿಡುವವರು ಬಿಟ್ಟಿಲ್ಲ" ಅಂದೆ. ತಕ್ಷಣ ಅರ್ಥವಾಯಿತು. ವೈಫೈ ಅಂದರೆ ಮನೆಯಲ್ಲಿಟ್ಟಿರುವ ಪೆಟ್ಟಿಗೆ, ಅಂದರೆ ರೌಟರ್‌ನಿಂದ ಲ್ಯಾಪ್‌ಟಾಪ್‌ವರೆಗಿನ ಸಂಪರ್ಕ ಅಷ್ಟೇ. ಇಂಟರ್ನೆಟ್ ಹೊರಗಿನಿಂದ ಬರಬೇಕು.

ಕ್ರೋಮ್ ಒಂದು ಬ್ರೌಸರ್, ಅಂದರೆ ವೆಬ್‌ಸೈಟ್ ತೆರೆದು ತೋರಿಸುವ ಸಾಫ್ಟ್‌ವೇರ್. ಗೂಗಲ್ ನಮಗೆ ಬೇಕಾದ್ದನ್ನು ಹುಡುಕಿಕೊಡುವ ವೆಬ್‌ಸೈಟ್. ಬಾಯಲ್ಲಿ ಎಷ್ಟು ಹೇಳಿದರೂ ಅಪ್ಪ ಒಪ್ಪಲಿಲ್ಲ. ಇನ್ನೊಂದು ಬ್ರೌಸರ್ ಆದ ಫೈರ್‌ಫಾಕ್ಸ್‌ನಲ್ಲಿ ಗೂಗಲ್ ತೆರೆದು ತೋರಿಸಿದ ಮೇಲೆ ಒಪ್ಪಿದರು.

ಮಂಡ್ಯದಿಂದ:
'ಸರ್ವರ್' ನಿಮ್ಮ ಅತ್ತೆಗೆ ಆಗಲೇ ಗೊತ್ತಿರುತ್ತದೆ ಬಿಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, "ಸರ್ವರ್ ಇಲ್ಲಮ್ಮ, ನಾಳೆ ಬಾ" ಅಂತ ಕೇಳಿಸಿಕೊಳ್ಳದವರು ಯಾರಿದ್ದಾರೆ? ದೂರದಲ್ಲಿರುವ ಒಂದು ಕಂಪ್ಯೂಟರ್. ನಾವು ಕೇಳಿದ್ದಕ್ಕೆ ಅದು ಉತ್ತರ ಕೊಡಬೇಕು, ಅಷ್ಟೇ.

ಹಾಸನ ಜಿಲ್ಲೆಯಿಂದ, ಕಂಪ್ಯೂಟರ್ ಕ್ಲಾಸ್ ನಡೆಸುವವನು:
ಕನ್ನಡವೋ ಇಂಗ್ಲಿಷೋ ಅಂದರೆ, ಪರದೆ ಮೇಲೆ ಇರುವ ಪದವನ್ನೇ ಹೇಳಿಕೊಡಿ. ಪರದೆಯಲ್ಲಿ 'ಸೇವ್' ಇದ್ದಾಗ ನೀವು 'ಉಳಿಸಿ' ಅಂದರೆ ಅವರು ಸುಮ್ನೆ ಹುಡುಕುತ್ತಾ ಕೂರುತ್ತಾರೆ. ವಿಂಡೋಸ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ ಮಾತು ಬೇರೆ. ಗಣಕಯಂತ್ರ, ಅಂತರ್ಜಾಲ, ಕಡತ ಎಲ್ಲ ಪತ್ರಿಕೆ ಓದುವಾಗ ತಾವಾಗಿಯೇ ಸಿಗುತ್ತವೆ.

ಕನ್ನಡ ಟೈಪ್ ಮಾಡುವ ಆಸೆ ಇದ್ದರೆ 'ಯೂನಿಕೋಡ್' ಅನ್ನುವ ಪದ ಬೇಕೇ ಬೇಕು. ನನ್ನ ಕ್ಲಾಸಿನ ಒಬ್ಬರು ಹಳೇ ನುಡಿ ಫಾಂಟಿನಲ್ಲಿ ಅರ್ಜಿ ಟೈಪ್ ಮಾಡಿ ಮೇಲ್ ಕಳಿಸಿದರು. ಆ ಕಡೆಯವರಿಗೆ ಕಂಡದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗಕ್ಕೇ ಕನ್ನಡದ ವೇಷ ಹಾಕಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ. 'ಕ' ಅಕ್ಷರದ್ದು 3221. (ಇದನ್ನು ಅತ್ತೆಗೆ ಹೇಳಬೇಡಿ, ಮತ್ತೆ ಬಿಡಮ್ಮ ಅಂದಾರು!)

ಮೈಸೂರಿನಿಂದ:
ಹೋಲಿಕೆ ಕೊಡುವಾಗ ಹುಷಾರು. "ಕ್ಲೌಡ್ ಅಂದರೆ ಬ್ಯಾಂಕ್ ಲಾಕರ್ ಇದ್ದಹಾಗೆ" ಅಂತ ನಾನು ಅಮ್ಮನಿಗೆ ಹೇಳಿದ್ದೆ. ಲಾಕರಿನಲ್ಲಿ ಇದೆಯಲ್ಲ ಅಂತ ಅವರು ಗೂಗಲ್ ಫೋಟೋಸ್‌ನಲ್ಲಿ ಮೊಮ್ಮಗಳ ನಾಮಕರಣದ ಫೋಟೋಗಳನ್ನೆಲ್ಲ ಡಿಲೀಟ್ ಮಾಡಿದರು. 'ಲಾಕರಿನ'ದೂ ಹೋಯಿತು! ಫೋನಿನಲ್ಲಿ, ಕ್ಲೌಡ್‌ನಲ್ಲಿ (ಅಂದರೆ ಕಂಪನಿಯ ಸರ್ವರ್‌ನಲ್ಲಿ) ಎರಡೂ ಕಡೆ ಒಂದೇ ಥರ ಇಡುವುದಕ್ಕೆ 'ಸಿಂಕ್' ಅನ್ನುತ್ತಾರೆ. ನಾನು ಹೇಳದೇ ಬಿಟ್ಟದ್ದು ಅದೊಂದೇ ಪದ. ಬ್ಯಾಕಪ್ ಆದ ಫೋಟೋಗಳು ಡಿಲೀಟ್ ಮಾಡಿದ ಮೇಲೂ 60 ದಿನ ಟ್ರ್ಯಾಶ್‌ನಲ್ಲಿ ಇರುತ್ತವೆ. ಅದರಿಂದ ಬಚಾವಾದೆವು.

ಹುಬ್ಬಳ್ಳಿಯಿಂದ:
ಉಳಿದದ್ದು ನಿಧಾನಕ್ಕೆ ಬರಲಿ. ದುಡ್ಡಿಗೆ ಸಂಬಂಧಪಟ್ಟ ಪದ ಮೊದಲು. ನಮ್ಮ ಕಾಕಾಗೆ ಒಬ್ಬ ಫೋನ್ ಮಾಡಿ, "ನಿಮಗೆ ದುಡ್ಡು ಬರಬೇಕು, ಯುಪಿಐ ಪಿನ್ ಒತ್ತಿ" ಅಂದ. ಒತ್ತಿದರು, 9,000 ರೂಪಾಯಿ ಹೋಯಿತು. ಪಿನ್ ಒತ್ತುವುದು ದುಡ್ಡು ಕಳಿಸುವಾಗ. ಬರುವ ದುಡ್ಡಿಗೆ ಪಿನ್ ಬೇಡ. ಒಟಿಪಿಯಂತೂ ಮಗ ಕೇಳಿದರೂ ಕೊಡಬಾರದು ಅಂತ ನಮ್ಮ ಮನೆಯಲ್ಲಿ ಕಾನೂನೇ ಆಗಿದೆ. ಮೋಸ ಹೋದರೆ ಕೂಡಲೇ ಕರೆ ಮಾಡಲು 1930 ನಂಬರ್ ಬರೆದಿಟ್ಟುಕೊಳ್ಳಿ.

ಇನ್ನೊಂದು, ವೆಬ್ ವಿಳಾಸ ಓದುವುದು. ಅಂಚೆ ವಿಳಾಸದಲ್ಲಿ ಊರು ಕೊನೆಗೆ ಬರುತ್ತದೆ ಅಲ್ವಾ, ಇಲ್ಲೂ ಹಾಗೇ. ಎರಡು ಓರೆಗೆರೆ (//) ಆದ ಮೇಲೆ ಮುಂದಿನ ಓರೆಗೆರೆ ಬರುವತನಕ ಓದಿ, ಅದರ ಕೊನೆ ನೋಡಿ. 'ಡಾಟ್ ಜಿಒವಿ ಡಾಟ್ ಇನ್' (.gov.in) ಅಂತ ಮುಗಿದರೆ ನಮ್ಮ ಸರ್ಕಾರದ್ದು. ಅದು ನಡುವೆ ಇದ್ದು, ಕೊನೆಯಲ್ಲಿ ಬೇರೇನೋ ಇದ್ದರೆ ಮುಟ್ಟಬೇಡಿ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಹರಿದು ಹಾಕಿದೆ. ನಿನ್ನೆ ರಾತ್ರಿ ಸರಿಯಾಗಿ ನೆಟ್ ಹೋಯಿತು, ಶಿವಮೊಗ್ಗದವರ ನಲ್ಲಿ ಮಾತು ಹೇಳಿದೆ. "ಹಾಗಾದರೆ ನೀರಿನ ಬಿಲ್ ಕಟ್ಟಿದ್ದೀಯಾ ನೋಡು" ಅಂದರು ಅತ್ತೆ. ಕಟ್ಟಿರಲಿಲ್ಲ.